ಎರಡು ಹಳದಿಯ ಮೊಟ್ಟೆ: ಪಶುವೈದ್ಯೆಯೊಂದಿಗೆ ಪ್ರಶ್ನೋತ್ತರ

ತುರುವೇಕೆರೆಯ ಸದಸ್ಯ: ಮೇಡಂ, ನಮಸ್ಕಾರ. ನಮ್ಮ ಗಿರಿರಾಜ ತಳಿಯ ಹ್ಯಾಟೆಗಳು (ಎಳೆಯ ಹೆಣ್ಣು ಕೋಳಿಗಳು) ಈಗಷ್ಟೇ ಮೊಟ್ಟೆಗೆ ಬಂದಿವೆ. ಕೆಲವು ಮೊಟ್ಟೆಗಳಲ್ಲಿ ಎರಡೆರಡು ಹಳದಿಗಳಿವೆ. ಇದು ರೋಗವೇ?

ಪಶುವೈದ್ಯೆ: ರೋಗವಲ್ಲ. ಕೋಳಿಯ ಎಡಭಾಗದ ಅಂಡಾಶಯದಲ್ಲಿ ಹಳದಿಗಳು ಸಾಲುಹಿಡಿದು ಬೆಳೆದು, ಒಂದಾದ ಮೇಲೆ ಒಂದರಂತೆ ಬಿಡುಗಡೆಯಾಗುತ್ತವೆ. ಹೊಸದಾಗಿ ಮೊಟ್ಟೆಗೆ ಬಂದ ಹ್ಯಾಟೆಯಲ್ಲಿ ಈ ಕ್ರಮ ಇನ್ನೂ ನೆಲೆಗೊಂಡಿರುವುದಿಲ್ಲವಾದ್ದರಿಂದ, ಕೆಲವೊಮ್ಮೆ ಎರಡು ಹಳದಿಗಳು ಒಟ್ಟಿಗೇ ಅಂಡನಾಳಕ್ಕೆ ಇಳಿದು, ಎರಡಕ್ಕೂ ಸೇರಿ ಒಂದೇ ಚಿಪ್ಪು ಕಟ್ಟುತ್ತದೆ. ಧಾರಾಳವಾಗಿ ತಿನ್ನಬಹುದು.

ಹಾಸನದ ಸದಸ್ಯೆ: ಕಾವಿಗೆ ಇಟ್ಟರೆ ಅವಳಿ ಮರಿ ಬರುವುದೇ?

ಪಶುವೈದ್ಯೆ: ತೀರಾ ಅಪರೂಪ. ಜಾಗ ಸಾಲದೆ ಬಹುತೇಕ ಒಳಗೇ ಸಾಯುತ್ತವೆ. ಇಡಬೇಡಿ.

ಮಂಡ್ಯದ ಸದಸ್ಯೆ: ಗರ್ಭಿಣಿಯರು ತಿಂದರೆ ಅವಳಿ ಮಕ್ಕಳಾಗುತ್ತವೆಂದು ನಮ್ಮ ಅತ್ತೆಯವರು ಹೇಳುತ್ತಾರೆ.

ಪಶುವೈದ್ಯೆ: ಆಗುವುದಿಲ್ಲ.

ಬೆಂಗಳೂರಿನ ಸದಸ್ಯ: ಅಂಗಡಿಯಲ್ಲಿ ತಂದ ಟ್ರೇಯಲ್ಲಿ ಸಾಲಾಗಿ ಎರಡು ಹಳದಿಯ ಮೊಟ್ಟೆಗಳೇ ಸಿಕ್ಕವು. ಫಾರಂನವರು ಹಾರ್ಮೋನ್ ಚುಚ್ಚದೆ ಹೀಗಾಗಲು ಸಾಧ್ಯವಿಲ್ಲ.

ಫಾರಂ ನಡೆಸುವ ಸದಸ್ಯ: ಒಂದೇ ವಯಸ್ಸಿನ ಹ್ಯಾಟೆಗಳ ಮೊಟ್ಟೆಗಳನ್ನು ತೂಕದ ಪ್ರಕಾರ ವಿಂಗಡಿಸಿದಾಗ ದೊಡ್ಡವೆಲ್ಲ ಒಂದೇ ಟ್ರೇಗೆ ಸೇರುತ್ತವೆ. ಸಾವಿರಾರು ಕೋಳಿಗಳನ್ನು ಒಂದೊಂದಾಗಿ ಹಿಡಿದು ಚುಚ್ಚಿದರೆ ಮೊಟ್ಟೆಯ ಬೆಲೆಯಲ್ಲಿ ಕೂಲಿಯೂ ಹುಟ್ಟುವುದಿಲ್ಲ.

ಬೆಂಗಳೂರಿನ ಸದಸ್ಯ: ಮಾರುವವರು ಹೀಗಲ್ಲದೆ ಇನ್ನು ಹೇಗೆ ಹೇಳಿಯಾರು?

ಫಾರಂ ನಡೆಸುವ ಸದಸ್ಯ: ಒಮ್ಮೆಯೂ ಕೋಳಿಮನೆ ನೋಡದವರಿಂದ ಈ ಮಾತು ಕೇಳಬೇಕಾಗಿಲ್ಲ.

ತುರುವೇಕೆರೆಯ ಸದಸ್ಯ: ಮೇಡಂ, ಅದೇ ಹಿಂಡಿನ ಒಂದು ಹ್ಯಾಟೆ ನಿನ್ನೆಯಿಂದ ಮೊಟ್ಟೆ ಇಡಲಾಗದೆ ತಿಣುಕುತ್ತಿದೆ, ಹಿಂಭಾಗದಲ್ಲಿ ಕೆಂಪು ಮಾಂಸ ಹೊರಗೆ ಬಂದಿದೆ. ಮೇವು ಯಾವಾಗಲೂ ತುಂಬಿರುತ್ತದೆ. ಎಳೆಯ ವಯಸ್ಸಿನಿಂದಲೂ ರಾತ್ರಿ ಹತ್ತರವರೆಗೆ ಬಲ್ಬ್ ಉರಿಸುತ್ತಿದ್ದೇವೆ.

ಪಶುವೈದ್ಯೆ: ಇದನ್ನು ಮೊದಲೇ ಹೇಳಬೇಕಿತ್ತು. ಮೈ ಬಲಿಯುವ ಮುನ್ನವೇ ದೀರ್ಘ ಬೆಳಕು ಕೊಟ್ಟರೆ ಅಂಡಾಶಯ ಬೇಗನೆ ಚುರುಕಾಗುತ್ತದೆ. ಗಿರಿರಾಜದಂತಹ ಭಾರದ ತಳಿಗೆ ಮಿತಿಯಿಲ್ಲದೆ ಮೇವು ಸಿಕ್ಕಿದಾಗ ಒಮ್ಮೆಗೇ ಹೆಚ್ಚು ಹಳದಿಗಳು ಬಲಿಯುತ್ತವೆ. ಅಷ್ಟು ದೊಡ್ಡ ಮೊಟ್ಟೆ ಎಳೆಯ ಹ್ಯಾಟೆಯ ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡಾಗ ತಿಣುಕಿ ತಿಣುಕಿ ಅಂಡನಾಳವೇ ಹೊರಗೆ ಬರುತ್ತದೆ. ಈಗಲೇ ಅದನ್ನು ಬೇರೆಡೆ ಮಬ್ಬು ಬೆಳಕಿನಲ್ಲಿ ಇಡಿ, ಇಲ್ಲವಾದರೆ ಉಳಿದ ಕೋಳಿಗಳು ಆ ಕೆಂಪು ಕಂಡು ಕುಕ್ಕಿ ಕೊಂದುಬಿಡುತ್ತವೆ. ಹೊರಬಂದ ಭಾಗವನ್ನು ಉಗುರುಬೆಚ್ಚಗಿನ ಶುದ್ಧ ನೀರಿನಿಂದ ತೊಳೆದು, ಒಣಗದಂತೆ ಒದ್ದೆಯಾಗಿಟ್ಟು, ಇಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ನಾಳೆಗೆ ಬಿಡಬೇಡಿ.

ಚಿಂತಾಮಣಿಯ ಸದಸ್ಯ: ಫಾರ್ವರ್ಡ್ ಆಗಿ ಬಂದದ್ದು: ಹರಳೆಣ್ಣೆ ಸುರಿದು, ಹೊಟ್ಟೆ ಒತ್ತಿದರೆ ಮೊಟ್ಟೆ ಜಾರಿ ಬರುತ್ತದೆ.

ಪಶುವೈದ್ಯೆ: ಒತ್ತಬಾರದು! ಒಳಗೆ ಮೊಟ್ಟೆ ಒಡೆದರೆ ಚಿಪ್ಪಿನ ಚೂರು ನಾಳವನ್ನು ಸೀಳುತ್ತದೆ, ಹೊಟ್ಟೆಯೊಳಗೆ ಸೋಂಕು ಹರಡಿ ಕೋಳಿ ಸಾಯುತ್ತದೆ. ಇಂತಹ ಸಂದೇಶಗಳನ್ನು ಓದದೆ ಕಳುಹಿಸುವವರಿಗೆ ಆ ಜೀವದ ನೋವು ತಿಳಿಯುವುದಿಲ್ಲ.

ಚಿಂತಾಮಣಿಯ ಸದಸ್ಯ: ನಮ್ಮಜ್ಜಿ ಹಾಗೆಯೇ ಮಾಡುತ್ತಿದ್ದರು, ಕೋಳಿ ಬದುಕುತ್ತಿತ್ತು.

ಪಶುವೈದ್ಯೆ: ಸತ್ತ ಕೋಳಿಗಳನ್ನು ನಾನು ಕೊಯ್ದು ನೋಡಿದ್ದೇನೆ.

ಮೈಸೂರಿನ ಸದಸ್ಯ: ಸ್ವರ್ಣಧಾರಾ ತಳಿಯಲ್ಲಿ ಈ ತೊಂದರೆ ಕಡಿಮೆಯೇ?

ಕೋಲಾರದ ಸದಸ್ಯ: ನಮ್ಮಲ್ಲೂ ಎರಡು ಹಳದಿ ಬರುತ್ತಿದೆ. ರೋಗವೇ?

ಪಶುವೈದ್ಯೆ: ಮೊದಲ ಉತ್ತರ ಓದಿ.

ಬೆಂಗಳೂರಿನ ಸದಸ್ಯ: ಹಾರ್ಮೋನ್ ವಿಷಯಕ್ಕೆ ಮೇಡಂ ಉತ್ತರವೇ ಕೊಡಲಿಲ್ಲ.

ಫಾರಂ ನಡೆಸುವ ಸದಸ್ಯ: ನಾನು ಕೊಟ್ಟಿದ್ದೇನೆ. ಓದಲು ಮನಸ್ಸಿರಬೇಕು.

ಪಶುವೈದ್ಯೆ: ತುರುವೇಕೆರೆಯವರೇ, ಆಸ್ಪತ್ರೆಗೆ ಹೊರಟಿರಾ? ಉಳಿದ ಹ್ಯಾಟೆಗಳಿಗೆ ಇನ್ನು ಮುಂದೆ ಮೇವನ್ನು ಅಳತೆಯಲ್ಲಿ ಕೊಡಿ. ಬೆಳಕಿನ ವೇಳೆಯನ್ನು ಎಷ್ಟು ಬದಲಿಸಬೇಕೆಂಬುದನ್ನು ಅವುಗಳ ವಯಸ್ಸು, ತೂಕ ತಿಳಿಸಿದ ಮೇಲೆ ಹೇಳುತ್ತೇನೆ.