ಅಜ್ಜಿಯ ಸೀರೆಗಳಿಂದ ಮಕ್ಕಳ ಜೊತೆ ಚಿತ್ರದ ಕೌದಿ: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಟೊರಾಂಟೊ ಹತ್ತಿರ ಇದ್ದೇವೆ. ಮಗಳಿಗೆ 7, ಮಗನಿಗೆ 11. ಅತ್ತೆಯವರ ಇಳಕಲ್ ಸೀರೆ ಎರಡು, ಮೈಸೂರು ಸಿಲ್ಕ್ ಒಂದು, ಹಳೇ ಕಾಟನ್ ನಾಲ್ಕೈದು ಇವೆ. ಊರು ಬಿಟ್ಟು ಬಂದದ್ದನ್ನು ಮಕ್ಕಳ ಜೊತೆ ಸೇರಿ ಕೌದಿಯಾಗಿ ಹೊಲಿದು ಗೋಡೆಗೆ ಹಾಕಬೇಕೆಂದಿದೆ. ಕನ್ನಡ ಅಕ್ಷರವೂ ಬರಬೇಕು. ಹೊಲಿಗೆ ಮೆಷಿನ್ ಇದೆ, ಕ್ವಿಲ್ಟ್ ಹೊಲಿದು ಗೊತ್ತಿಲ್ಲ.

ಉತ್ತರ 1:
‘ಊರು ಬಿಟ್ಟು ಬಂದದ್ದು’ ಒಂದು ಕೌದಿಗೆ ತುಂಬಾ ದೊಡ್ಡ ವಿಷಯ. ವಿಮಾನ, ಭೂಪಟ, ಎರಡು ಬಾವುಟ ಎಲ್ಲ ಸೇರಿಸಿದರೆ ಶಾಲೆಯ ಪೋಸ್ಟರ್ ಆಗುತ್ತದೆ. ಅಜ್ಜಿ ಮನೆ ಅಂದ ತಕ್ಷಣ ಏನು ಕಣ್ಣಿಗೆ ಬರುತ್ತದೆ ಎಂದು ಮಕ್ಕಳನ್ನೇ ಕೇಳಿ. ತುಳಸಿಕಟ್ಟೆಯೋ, ಬಚ್ಚಲ ಹಂಡೆಯೋ, ಆ ಒಂದನ್ನೇ ಹಿಡಿಯಿರಿ. ಪಕ್ಕಕ್ಕೆ ಇಲ್ಲಿನದು ಒಂದು ಸಾಕು, ಬಾಗಿಲ ಬಳಿ ಸಾಲಾಗಿ ಬಿಟ್ಟ ಹಿಮದ ಬೂಟುಗಳ ಥರ. ಅವರು ಬರೆದ ಚಿತ್ರವನ್ನು ತಿದ್ದಬೇಡಿ, ಆ ಸೊಟ್ಟ ಗೆರೆಯನ್ನೇ ದೊಡ್ಡದು ಮಾಡಿ ಬಟ್ಟೆಗೆ ಇಳಿಸಿ. ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್ 1880ರ ದಶಕದಲ್ಲಿ ಹೊಲಿದ ಬೈಬಲ್ ಕ್ವಿಲ್ಟ್ ಸ್ಮಿತ್‌ಸೋನಿಯನ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಅದರ 11 ಚೌಕಗಳಲ್ಲಿ ಇರುವುದು ಕತ್ತರಿಸಿ ಹೊಲಿದ ಸರಳ ಆಕಾರಗಳಷ್ಟೇ, ಆದರೂ ಕಥೆ ನಿಲ್ಲುತ್ತದೆ. ಶುರು ಮಾಡುವ ಮೊದಲು ಅದರ ಫೋಟೊ ಮಕ್ಕಳಿಗೆ ತೋರಿಸಿ.

ಅಳತೆ 24×30 ಇಂಚು ದಾಟಬೇಡಿ. ದೊಡ್ಡದಾದರೆ ಮಕ್ಕಳ ಆಸಕ್ತಿ ಮುಗಿದಮೇಲೂ ನೀವೊಬ್ಬರೇ ಹೊಲಿಯುತ್ತಿರುತ್ತೀರಿ.

ಬಟ್ಟೆಯಲ್ಲಿ ಕೈಕೊಡುವುದು ಮುಖ್ಯವಾಗಿ ಬಣ್ಣ. ಇಳಕಲ್ಲಿನ ಕೆಂಪನ್ನು ಒದ್ದೆ ಮಾಡಿ, ಮೇಲೆ ಬಿಳಿ ಬಟ್ಟೆಯಿಟ್ಟು ಇಸ್ತ್ರಿ ಒತ್ತಿ ನೋಡಿ. ಬಿಳಿಗೆ ಹತ್ತಿದರೆ ಬಣ್ಣ ಹೀರುವ ಹಾಳೆ ಹಾಕಿ ತಣ್ಣೀರಲ್ಲಿ ಬೇರೆಯಾಗಿ ತೊಳೆಯಿರಿ. ಉಪ್ಪು, ವಿನೆಗರ್ ಹತ್ತಿಬಟ್ಟೆಯ ಬಣ್ಣವನ್ನು ಹಿಡಿದು ನಿಲ್ಲಿಸುವುದಿಲ್ಲ. ಎರಡು ಮೂರು ಸಲ ತೊಳೆದಮೇಲೂ ಬಿಡುತ್ತಿದ್ದರೆ ತಿಳಿಬಣ್ಣದ ಪಕ್ಕ ಇಡಬೇಡಿ, ಹಬೆ ಇಸ್ತ್ರಿಯನ್ನೂ ಹಾಕಬೇಡಿ. ಇಳಕಲ್ ಸೆರಗನ್ನು ಮಾತ್ರ ಸಣ್ಣ ಚೂರು ಮಾಡಬೇಡಿ. ಕೆಂಪಿನ ಮೇಲಿನ ಆ ಬಿಳಿ ಹಲ್ಲುಗಳು ಹಾಗೇ ಬೆಟ್ಟದ ಸಾಲೋ ಕೋಟೆಯೋ ಆಗಿ ನಿಲ್ಲುತ್ತವೆ, ಹೊಸದಾಗಿ ಏನೂ ಸೇರಿಸಬೇಕಿಲ್ಲ.

ಮೈಸೂರು ಸಿಲ್ಕ್ ಜಾರುತ್ತದೆ. ಕತ್ತರಿಸುವ ಮೊದಲೇ ಹಿಂದೆ ಇಸ್ತ್ರಿಯ ಶಾಖಕ್ಕೆ ಅಂಟುವ ತೆಳು ಕ್ಯಾನ್ವಾಸ್ ಅಂಟಿಸಿ, ಕಡಿಮೆ ಶಾಖದಲ್ಲಿ, ಮೇಲೊಂದು ಬಟ್ಟೆ ಹಾಕಿ. ಮಡಿಕೆ ಬಿದ್ದ ಗೆರೆಯನ್ನು ಮೆಲ್ಲಗೆ ಎಳೆದು ನೋಡಿ, ಬಿರಿದರೆ ಆ ಭಾಗ ಬಿಟ್ಟುಬಿಡಿ. ಸಿಲ್ಕಿಗೆ 70/10 ಅಳತೆಯ ಮೈಕ್ರೊಟೆಕ್ಸ್ ಎಂಬ ಚೂಪು ಮೊನೆಯ ಸೂಜಿ, ಕಾಟನ್ನಿಗೆ 80/12.

ಅಕ್ಷರಕ್ಕೆ ಫ್ಯೂಸಿಬಲ್ ವೆಬ್ ಎಂಬ ಅಂಟು ಹಾಳೆ ಬೇಕು. ಅದರ ಕಾಗದದ ಮೇಲೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಬರೆದ ಹಾಳೆಯನ್ನು ಕಿಟಕಿ ಗಾಜಿಗೆ ತಿರುಗಿಸಿ ಹಿಡಿದು ನಕಲು ಮಾಡಿದರೆ ಸುಲಭ. ಅಕ್ಷರ 4 ಇಂಚಿಗಿಂತ ಚಿಕ್ಕದಾದರೆ ಒಳಗಿನ ಕಣ್ಣು ಮುಚ್ಚಿಹೋಗುತ್ತದೆ. ‘ಅಜ್ಜಿ’ ಅಂತ ಬರೆಯುವುದಾದರೆ ಒತ್ತನ್ನು ಬಟ್ಟೆಯಲ್ಲಿ ಕತ್ತರಿಸಲು ಹೋಗಬೇಡಿ, ಸರಪಳಿ ಹೊಲಿಗೆಯಲ್ಲಿ ಕಸೂತಿ ಹಾಕಿ. ಅಕ್ಷರದ ಅಂಚಿಗೆ ದಟ್ಟವಾದ ಜಿಗ್‌ಜಾಗ್ ಹೊಲಿಗೆ, ಅಗಲ 2.5 ಮಿ.ಮೀ., ಅಡಿಯಲ್ಲಿ ತೆಳು ಕಾಗದ. ಕಾಗದ ಇಡದಿದ್ದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಕನ್ನಡದ ದುಂಡು ತಿರುವಿನಲ್ಲಿ ಎರಡು ಮೂರು ಹೊಲಿಗೆಗೊಮ್ಮೆ ನಿಲ್ಲಿಸಿ, ಸೂಜಿಯನ್ನು ಅಕ್ಷರದ ಹೊರಗೆ ಇಳಿಸಿಟ್ಟು, ಮೆಷಿನ್ನಿನ ಪಾದ ಎತ್ತಿ ಬಟ್ಟೆ ತಿರುಗಿಸಿ. ಒಳಬಾಗಿದ ಕಡೆ ಸೂಜಿ ಅಕ್ಷರದ ಒಳಗಿರಲಿ.

ಉತ್ತರ 2:
ಅಕ್ಕಾರ, ಏಳು ವರ್ಷದಾಕಿಗೆ ಮಷಿನ್ ಬ್ಯಾಡ, ಕೈ ಹೊಲಿಗಿನ ಚಲೋ. ನಮ್ಮ ಕಡೆ ಕೌದಿಗೆ ಒಳಗ ಹತ್ತಿ ಹಾಕೂದಿಲ್ಲ, ಹಳೇ ಸೀರಿ ಮೂರು-ನಾಕು ಪದರ ಹಾಕಿ ಹೊಲೀತಾರ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಣ್ಮಕ್ಕಳು ಹೊಲಿಯೂ ಕವಂದಿ ಅನ್ನೂ ಕೌದಿ ರೀತಿ ಹುಡುಗರಿಗೆ ಭಾಳ ಹೊಂದತೈತಿ, ಯಾಕಂದ್ರ ಅಳತಿ ಹಿಡದು ಕತ್ತರಿಸೂದ ಇಲ್ಲ.

ತಳಕ್ಕ ಸೀರಿ ಹಾಸ್ರಿ. ಮೂಲ್ಯಾಗಿಂದ ಶುರು ಮಾಡಿ, ತ್ಯಾಪಿ ಅಂಚು ಕಾಲು ಇಂಚು ಒಳಗ ಮಡಚಿ ಹೊಲೀರಿ. ನಾಕೂ ಕಡೆ ಅಂಚು ಮುಗಿಸಿಕೊಂಡು ಸುತ್ತಾಕ್ಕೋತ ನಡುವಿಗೆ ಬರಬೇಕು. ಸಾಲಿನ ನಡುವ ಅರ್ಧ ಇಂಚು, ಇಂಚಿಗೆ ನಾಕು ಟಾಕಿ ಸಾಕು. ಪ್ರತಿ ಟಾಕಿ ಎಲ್ಲಾ ಪದರ ದಾಟಿ ಹೋಗತೈತಿ, ಹಂಗಾಗಿ ತ್ಯಾಪಿ ಹಚ್ಚೂದು, ಕೌದಿ ಹೊಲಿಯೂದು ಒಂದಽ ಸಲ ಆಗತೈತಿ. 8ನೇ ನಂಬರ ಪರ್ಲ್ ಕಾಟನ್ ಅನ್ನೂ ಕಸೂತಿ ದಾರ ತಗೊಳ್ರಿ, ಒಂದೂವರಿ ಫೂಟಿಗಿಂತ ಉದ್ದ ಬ್ಯಾಡ, ಗಂಟು ಬೀಳತೈತಿ. ದಾರ ಬಿಗಿಯಾಗಿ ಎಳದ್ರ ಅಡಿ ಬಟ್ಟಿ ಮುದುಡಿ ನಡುವ ಉಬ್ಬು ಏಳತೈತಿ, ಆಮ್ಯಾಲೆ ಬಿಚ್ಚೂದ ಬಿಟ್ರ ದಾರಿ ಇಲ್ಲ. ಅದಕ್ಕ ಎರಡು ಸುತ್ತಿಗೊಮ್ಮೆ ಹಿಂದ ತಿರುವಿ ನೋಡ್ರಿ. ಕಡೀಕ ನಾಕೂ ಮೂಲಿಗೆ ಚೌಕ ಬಟ್ಟಿ ತ್ರಿಕೋನ ಮಡಚಿ ಹಚ್ಚತಾರ, ಅದಕ್ಕ ಫುಲಾ ಅಂತಾರ. ಅದಿಲ್ಲದ ಕವಂದಿ ಪೂರ್ತಿ ಆಗೂದಿಲ್ಲ.

ಹುಡುಗರಿಗೆ ಇದನ್ನ ಬರೇ ‘ಇಂಡಿಯನ್ ಕ್ವಿಲ್ಟ್’ ಅಂತ ಹೇಳಬ್ಯಾಡ್ರಿ. ಸಿದ್ದಿಗಳ ಹಿರಿಯಾರು ಆಫ್ರಿಕಾದಿಂದ ಬಂದವರು, ಅವರ ರೀತಿ ಇದು ಅಂತ ಹೇಳ್ರಿ. ಊರು ಬಿಟ್ಟು ಬಂದ ಮನಿ ಹುಡುಗರಿಗೆ ಆ ಮಾತು ತಿಳೀತೈತಿ. ಒಡಲು, ದಡಿ, ಸೆರಗು ಅನ್ನೂ ಹೆಸರೂ ಹೊಲಿಯೂ ಮುಂದನ ಬಾಯಿಗೆ ಬರತಾವ.

ಪ್ರಶ್ನೆ:
ತುಂಬಾ ಉಪಕಾರವಾಯಿತು. ಮಗ ಬಟ್ಟೆ ಕತ್ತರಿಸುವ ಚಕ್ರದ ಬ್ಲೇಡಿನ ರೋಟರಿ ಕಟರ್ ಕೇಳುತ್ತಿದ್ದಾನೆ, ಕೊಡಬಹುದೇ? ಗೋಡೆಗೆ ಹೇಗೆ ಹಾಕುವುದು?

ಉತ್ತರ 1:
ಕಟರ್ ಬೇಡ, ಕತ್ತರಿ ಕೊಡಿ. ಮೆಷಿನ್ನಿನ ವೇಗ ಕಡಿಮೆಗಿಟ್ಟು, ನೀವು ಪಕ್ಕದಲ್ಲಿ ಕೂತರೆ 11 ವರ್ಷದವನು ನೇರ ಹೊಲಿಗೆ ಚೆನ್ನಾಗಿಯೇ ಹಾಕುತ್ತಾನೆ. ಒಳಗೆ ಬ್ಯಾಟಿಂಗ್ ಎಂಬ ಮೆತ್ತನೆ ಪದರ ಹಾಕುವುದಾದರೆ 4 ಇಂಚಿಗೊಂದು ಸೇಫ್ಟಿ ಪಿನ್ನು ಕಡ್ಡಾಯ, ಇಲ್ಲದಿದ್ದರೆ ಹಿಂಬದಿಯ ಅಸ್ತರು ಮಡಿಕೆ ಬಿದ್ದು ಹೊಲಿಗೆಗೆ ಸಿಕ್ಕಿಕೊಳ್ಳುತ್ತದೆ. ಅಂಚು ಮುಚ್ಚುವ ಬೈಂಡಿಂಗ್ ಪಟ್ಟಿಯ ಉದ್ದವನ್ನು ಕೌದಿಯ ನಡುವಿನ ಅಳತೆ ನೋಡಿ ಲೆಕ್ಕಹಾಕಿ. ಅಂಚು ಹಿಗ್ಗಿರುತ್ತದೆ, ಅದನ್ನು ನಂಬಿದರೆ ಗೋಡೆಯ ಮೇಲೆ ಅಲೆಯಲೆಯಾಗಿ ನಿಲ್ಲುತ್ತದೆ.

ತೂಗುಹಾಕಲು ಹಿಂದೆ ಮೇಲ್ಭಾಗದಲ್ಲಿ ಕೋಲು ತೂರಿಸಲು 4 ಇಂಚಿನ ಬಟ್ಟೆಯ ಕೊಳವೆ, ಎರಡೂ ಕಡೆ ಒಂದೊಂದು ಇಂಚು ಗಿಡ್ಡವಾಗಿ. ಕೊಳವೆಯನ್ನು ಸ್ವಲ್ಪ ಸಡಿಲ ಬಿಟ್ಟು ಹೊಲಿಯಿರಿ, ಕೋಲು ಮುಂದಕ್ಕೆ ಉಬ್ಬಿ ಕಾಣುವುದಿಲ್ಲ. ಬಿಸಿಲು ಬೀಳುವ ಗೋಡೆ ಬೇಡ, ರೇಷ್ಮೆ ಬೇಗ ಜೀರ್ಣವಾಗುತ್ತದೆ. ಹಿಂದಿನ ಕೆಳಮೂಲೆಗೆ ಬಿಳಿ ಬಟ್ಟೆಯ ಚೀಟಿ ಹೊಲಿಯಿರಿ. ಬಟ್ಟೆಗೆ ಬರೆಯುವ ಪಿಗ್ಮೆಂಟ್ ಪೆನ್ನಿನಲ್ಲಿ ಯಾರ ಸೀರೆ, ಯಾವ ಊರು, ಯಾರು ಯಾವ ಭಾಗ ಹೊಲಿದರು, ಯಾವ ವರ್ಷ ಎಂದು ಮಕ್ಕಳ ಕೈಯಲ್ಲೇ ಕನ್ನಡದಲ್ಲಿ ಬರೆಸಿ, ಹೊಲಿಯುವ ಮೊದಲು ಒಮ್ಮೆ ಇಸ್ತ್ರಿ ಹಾಕಿ.