ಬೋರ್ಡ್ ಬರೆಸುವ ಮುಂಚೆ ಇದನ್ನೊಮ್ಮೆ ಕೇಳು

ಪುಟ್ಟಾ, ದೊಡ್ಡಪ್ಪ ಮಾತಾಡುತ್ತಿದ್ದೇನೆ. ಟೈಪ್ ಮಾಡುತ್ತಾ ಕೂತರೆ ನನಗೆ ರಾತ್ರಿಯಾಗುತ್ತದೆ, ಅದಕ್ಕೇ ಬಾಯಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಬೆಳಿಗ್ಗೆ ನೀನು ಮನೆಯವರ ಗ್ರೂಪಿನಲ್ಲಿ ಹಾಕಿದ ಅಂಗಡಿ ಬೋರ್ಡಿನ ಡಿಸೈನ್ ನೋಡಿದೆ. ಬಣ್ಣ ಚೆನ್ನಾಗಿದೆ. ಮೇಲೆ ಕನ್ನಡ ದೊಡ್ಡದಾಗಿದೆ, ಅದೂ ಸರಿ, ಈಗ ಬೋರ್ಡಿನಲ್ಲಿ ಶೇ. 60 ಕನ್ನಡ ಇರಲೇಬೇಕಲ್ಲ. ಎಡವಟ್ಟಾಗಿರುವುದು ಕೆಳಗಿನ ಇಂಗ್ಲಿಷ್ ಸಾಲಿನಲ್ಲಿ. ಸ್ಟೇಷನರಿ ಅನ್ನುವುದರ ಕೊನೆಗೆ 'ಎ-ಆರ್-ವೈ' ಅಂತಿದೆ. ಅದು 'ಇ-ಆರ್-ವೈ' ಆಗಬೇಕು. ನೀನು ಮಾರುವುದು ನೋಟ್‌ಬುಕ್ಕು, ಪೆನ್ನು, ಕವರು ತಾನೇ? ಅದಕ್ಕೆ 'ಇ'. 'ಎ' ಹಾಕಿದರೆ ಅಲ್ಲಾಡದೆ ನಿಂತಿರುವುದು ಅಂತ ಅರ್ಥ. ನಿಂತಿದ್ದ ಲಾರಿಗೆ ಕಾರು ಡಿಕ್ಕಿ ಅಂತ ಪೇಪರಿನಲ್ಲಿ ಬರುತ್ತದಲ್ಲ, ಆ ಲಾರಿಗೆ ಇಂಗ್ಲಿಷ್ ಪೇಪರಿನವರು ಹಾಕುವುದು ಈ 'ಎ' ಇರುವ ಪದ. ಅಂಗಡಿ ಇನ್ನೂ ಶುರುವೇ ಆಗಿಲ್ಲ, ಆಗಲೇ ನಿಂತುಹೋಗಿದೆ ಅಂತ ನೀನೇ ಬೋರ್ಡ್ ಹಾಕುತ್ತೀಯಾ!

ನಿಮ್ಮತ್ತೆ ಬರೆದಿದ್ದಾಳೆ, ಎರಡೂ ಸರಿ, ಒಂದು ಬ್ರಿಟಿಷರದು, ಇನ್ನೊಂದು ಅಮೆರಿಕದವರದು ಅಂತ. ಇಲ್ಲಮ್ಮ, ಅದು ಕಲರ್ ಪದದಲ್ಲಿ 'ಯು' ಹಾಕುವ, ಬಿಡುವ ಕಥೆ. ಇದು ಹಾಗಲ್ಲ. ಎರಡೂ ಕಡೆ ಎರಡೂ ಪದ ಇವೆ, ಅರ್ಥ ಬೇರೆ ಬೇರೆ. ಭಾವ, ನೀವು ಹೇಳಿದ್ದೂ ನೋಡಿದೆ, ಕಂಪ್ಯೂಟರ್ ಕೆಂಪು ಗೆರೆ ಹಾಕಲಿಲ್ಲ, ಅಂದಮೇಲೆ ತಪ್ಪಿಲ್ಲ ಅಂತ. ಎರಡೂ ಡಿಕ್ಷನರಿಯಲ್ಲಿರುವ ಪದವೇ, ಅದು ಪಾಪ ಯಾಕೆ ಗೆರೆ ಹಾಕುತ್ತದೆ? ಬಾಯಲ್ಲಿ ಹೇಳುವುದೂ ಒಂದೇ ಥರ. ಕನ್ನಡದಲ್ಲಿ ಬರೆದರಂತೂ ಎರಡೂ ಸ್ಟೇಷನರಿಯೇ. ನಿನ್ನ ಬೋರ್ಡಿನ ಮೇಲಿನ ಸಾಲಿಗೆ ಈ ತಲೆನೋವೇ ಇಲ್ಲ ನೋಡು.

ತಮಾಷೆ ಏನು ಅಂದರೆ ಎರಡಕ್ಕೂ ಬೇರು ಒಂದೇ. ಲ್ಯಾಟಿನ್ನಿನ 'ಸ್ಟಾಟಿಯೋ', ಅಂದರೆ ನಿಲ್ಲುವ ಜಾಗ. ರೈಲ್ವೆ ಸ್ಟೇಷನ್ನೂ ಅಲ್ಲಿಂದಲೇ. ನಮ್ಮ ಸ್ಥಾನ, ಸ್ಥಾವರ ಕೂಡ ಅದಕ್ಕೆ ದೂರದ ನೆಂಟರು. ಹಿಂದೆ ಯುರೋಪಿನಲ್ಲಿ ಗಂಟು ಹೊತ್ತು ಊರೂರು ಸುತ್ತುವ ವ್ಯಾಪಾರಿಗಳು ಬೇಕಾದಷ್ಟು ಜನ ಇದ್ದರು. ಯೂನಿವರ್ಸಿಟಿ ಪಕ್ಕ ಪುಸ್ತಕ ಮಾರುವವರು ಮಾತ್ರ ಒಂದೇ ಕಡೆ ಅಂಗಡಿ ಹಾಕಿ ಕೂತರು. ಅವರು ಜಂಗಮ, ಇವರು ಸ್ಥಾವರ ಅಂತಿಟ್ಟುಕೋ. ಹಾಗೆ ಕೂತವನಿಗೆ 'ಸ್ಟೇಷನರ್' ಅಂತ ಹೆಸರು ಬಿತ್ತು. ಲಂಡನ್ನಿನಲ್ಲಿ 1403ರಲ್ಲೇ ಇವರ ಸಂಘ ಇತ್ತು. 1557ರಲ್ಲಿ ರಾಣಿ ಮೇರಿ ಸನ್ನದು ಕೊಟ್ಟಳು. ಆಮೇಲೆ ಬಹಳ ವರ್ಷ ಇಂಗ್ಲೆಂಡಿನಲ್ಲಿ ಅಚ್ಚು ಹಾಕುವ ಹಕ್ಕು ಹೆಚ್ಚೂಕಮ್ಮಿ ಅವರ ಕೈಯಲ್ಲೇ ಇತ್ತು.

ಆ ಸ್ಟೇಷನರ್ ಮಾರುವ ಸಾಮಾನೇ ಸ್ಟೇಷನರಿ. ಬೇಕರ್‌ನಿಂದ ಬೇಕರಿ ಆಯಿತಲ್ಲ, ಹಾಗೆ. ನಿನ್ನ ಅಂಗಡಿ ಪಕ್ಕದಲ್ಲೇ ಅಯ್ಯಂಗಾರ್ ಬೇಕರಿ ಇದೆ. ಅದರ ಬೋರ್ಡಿನ ಕೊನೆಯ ಮೂರು ಅಕ್ಷರ ನೋಡಿಕೊಂಡು ಬಾ, ನಿನಗೂ ಅದೇ ಮೂರು. ಶಾಲೆಯಲ್ಲಿ ಎನ್ವಲಪ್ಪಿನ 'ಇ' ಅಂತ ನೆನಪಿಟ್ಟುಕೊಳ್ಳಿ ಅನ್ನುತ್ತಾರೆ. ಮದುವೆ ಮುಯ್ಯಿಗೆ ಬಿಟ್ಟರೆ ಈಗ ಎನ್ವಲಪ್ ಯಾರು ಕೊಳ್ಳುತ್ತಾರೆ? ನನಗೆ ಬೇಕರಿಯೇ ವಾಸಿ.

ದೊಡ್ಡಪ್ಪ ಸುಮ್ನೆ ಪಾಠ ಹೇಳುತ್ತಾನೆ ಅನ್ನಬೇಡ. ಇದೇ ಒಂದು ಅಕ್ಷರಕ್ಕೆ ನಾನು ದಂಡ ಕಟ್ಟಿದ್ದೇನೆ. ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸದಲ್ಲಿದ್ದೆನಲ್ಲ, ಆಗಿನ ಮಾತು. ಸೀಸದ ಮೊಳೆ, ಅಕ್ಷರವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಇಂಗ್ಲಿಷ್ ಮೊಳೆಗಳನ್ನು ಇಡುವ ಮನೆಮನೆಯ ಪೆಟ್ಟಿಗೆಯಲ್ಲಿ ಚಿಕ್ಕ 'ಇ'ಗೆ ಎಲ್ಲಕ್ಕಿಂತ ದೊಡ್ಡ ಮನೆ, ಜಾಸ್ತಿ ಬೇಕಾಗುವ ಅಕ್ಷರ ಅದೇ. ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗುತ್ತಿತ್ತು. ಆದರೆ ಗಿರಾಕಿ ಕೊಟ್ಟ ಚೀಟಿಯಲ್ಲಿ 'ಎ' ಇತ್ತು, ನಾನೂ ಹುಡುಕಿ 'ಎ' ಮೊಳೆಯನ್ನೇ ಹಾಕಿದೆ. ಪ್ರೂಫ್ ನೋಡಿ ಅವರೂ ಸಹಿ ಹಾಕಿದರು. ಹತ್ತು ಬಿಲ್ ಬುಕ್ಕು, ಒಂದೊಂದರಲ್ಲಿ ನೂರು ಹಾಳೆ. ಮೊದಲನೇ ಬಿಲ್ಲು ಹೋದದ್ದೇ ಒಬ್ಬ ಮೇಷ್ಟರ ಕೈಗೆ. ಅವರು ಕೆಂಪು ಇಂಕಿನಲ್ಲಿ ಸುತ್ತು ಹಾಕಿ ವಾಪಸ್ ಕೊಟ್ಟರಂತೆ! ಗಿರಾಕಿ ಬಂದು ಕೂಗಾಡಿದರು, ಧಣಿ ನನ್ನ ಸಂಬಳ ಹಿಡಿದರು. ಉಳಿದ ಹಾಳೆಗಳಲ್ಲಿ ಆ ಒಂದು ಅಕ್ಷರವನ್ನು ಬ್ಲೇಡಿನಲ್ಲಿ ಕೆರೆದು ಪೆನ್ನಿನಲ್ಲಿ ತಿದ್ದುತ್ತಾ ಮೂರು ರಾತ್ರಿ ಕೂತೆ. ತೆಳು ಕಾಗದ, ಅಲ್ಲಲ್ಲಿ ತೂತೇ ಬಿತ್ತು.

ಫ್ಲೆಕ್ಸಿನವನಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ಅಂದೆಯಲ್ಲ, ಈಗಲೇ ಫೋನ್ ಮಾಡಿ ತಿದ್ದಿಸು. ಆಮೇಲೆ ಇನ್ನೊಂದು ಮಾತು, ರಬ್ಬರ್ ಸ್ಟಾಂಪಿಗೂ ಇದೇ ಡಿಸೈನ್ ಕಳಿಸಿಬಿಟ್ಟಿದ್ದೀಯಾ ಹೇಗೆ?