ಊರಿಗೆಲ್ಲ ನಲ್ಲಿ ನೀರು ಬಂತು ಅಂತ ಪೇಪರಿನಲ್ಲಿ ಬಂದಿದೆ. ನೀರು ಬಂದಿಲ್ಲ. ಯಾರನ್ನು ಕೇಳಬೇಕು?

ಬಯಲುಸೀಮೆ ಟೀಚರ್:

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಜಲ ಜೀವನ್ ಮಿಷನ್‌ನಲ್ಲಿ, ಅಂದರೆ ನಮ್ಮ ಕಡೆ 'ಮನೆ ಮನೆಗೆ ಗಂಗೆ' ಅಂತ ಬೋರ್ಡ್ ಹಾಕಿದ್ದಾರಲ್ಲ, ಅದರಲ್ಲಿ ಪ್ರತಿ ಮನೆ ಮುಂದೆ ಒಂದು ನಲ್ಲಿ ನಿಲ್ಲಿಸಿ ಹೋದರು. ಕೆಳಗಿನ ಬೀದಿಗೆ ವಾರಕ್ಕೆ ಎರಡು ಸಲ ನೀರು ಬರುತ್ತದೆ. ನಮ್ಮ ಮೇಲಿನ ಬೀದಿಗೆ ಗಾಳಿ ಮಾತ್ರ. ನೀರುಗಂಟಿಯನ್ನು ಕೇಳಿದರೆ "ಟ್ಯಾಂಕಿಗೇ ಏರಲ್ಲ ಅಕ್ಕ, ಬೀದಿಗೆ ಎಲ್ಲಿಂದ ಬಿಡಲಿ" ಅನ್ನುತ್ತಾನೆ.

ಹೋದ ತಿಂಗಳು ಜಿಲ್ಲೆಯ ಪತ್ರಿಕೆಯೊಂದರಲ್ಲಿ ನಮ್ಮ ಊರಿನ ಹೆಸರು ಹಾಕಿ 'ಶೇ 100ರಷ್ಟು ಮನೆಗಳಿಗೆ ನಲ್ಲಿ ನೀರು, ಗ್ರಾಮಸ್ಥರ ಹರ್ಷ' ಅಂತ ಬಂತು. ಲೋಕಲ್ ಕೇಬಲ್ ಚಾನೆಲ್‌ನಲ್ಲೂ ಅದೇ ಸುದ್ದಿ. ಹರ್ಷಪಟ್ಟವರು ಯಾರು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಕ್ಲಾಸಿನಲ್ಲಿ ಮಕ್ಕಳೇ ಓದಿ ನಕ್ಕರು. ಇದರಲ್ಲಿ ಸುಳ್ಳು ಹೇಳಿದ್ದು ಸರ್ಕಾರವೋ ಪೇಪರಿನವರೋ? ದೂರು ಯಾರ ಮೇಲೆ ಕೊಡಬೇಕು?

ಕಾಫಿಪುಡಿ:

ಯಾರ ಮೇಲೆ ಕೊಟ್ಟರೂ ಅಷ್ಟೇ ಬಿಡಿ ಮೇಡಂ. 2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಸ್ಯಾಟಲೈಟ್‌ಗೆ ಗೊತ್ತಾಗುತ್ತೆ ಅಂತ ಟಿವಿಯಲ್ಲಿ ಗ್ರಾಫಿಕ್ಸ್ ಹಾಕಿ ತೋರಿಸಿದರು. 2023ರಲ್ಲಿ ಆ ನೋಟನ್ನೇ ವಾಪಸ್ ತಗೊಂಡರು. ಕ್ಷಮಿಸಿ ಅಂತ ಹೇಳಿದವರನ್ನು ನಾನಂತೂ ನೋಡಲಿಲ್ಲ. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಹಳೇ ಡೆಸ್ಕ್:

ಕಾಫಿಪುಡಿ ಅವರ ಸಿಟ್ಟು ಸರಿ, ಸಲಹೆ ಸರಿಯಿಲ್ಲ. ನಾನು ಬಹಳ ವರ್ಷ ಪತ್ರಿಕೆಯಲ್ಲಿ ಜಿಲ್ಲಾ ಪುಟದ ಡೆಸ್ಕಿನಲ್ಲಿ, ಅಂದರೆ ಬಂದ ಸುದ್ದಿ ತಿದ್ದಿ ಹೆಡ್ಡಿಂಗ್ ಹಾಕುವ ಕಡೆ, ಕೂತವನು, ಈಗ ರಿಟೈರ್ ಆಗಿದ್ದೇನೆ. ಟೀಚರ್ ಮೇಡಂ, ಇಂಥ ಸುದ್ದಿ ಹೇಗೆ ಹುಟ್ಟುತ್ತದೆ ಅಂತ ಮೊದಲು ಹೇಳುತ್ತೇನೆ. ಇಲಾಖೆಯಿಂದ ಒಂದು ಪ್ರಕಟಣೆ ಬರುತ್ತದೆ. ತಾಲ್ಲೂಕಿನ ವರದಿಗಾರನಿಗೆ ಸಂಬಳ ಅಂತ ಸರಿಯಾಗಿ ಇರುವುದಿಲ್ಲ, ಮೇಲಿಂದ ಜಾಹೀರಾತು ಬೇರೆ ತರಬೇಕು. ನಿಮ್ಮ ಊರಿಗೆ ಬಂದು ನಲ್ಲಿ ತಿರುಗಿಸಿ ನೋಡಲು ಅವನ ಬೈಕಿಗೆ ಪೆಟ್ರೋಲ್ ಕೊಡುವವರು ಯಾರು? ಪ್ರಕಟಣೆ ಹಾಗೇ ಡೆಸ್ಕಿಗೆ ಬರುತ್ತದೆ. 'ಗ್ರಾಮಸ್ಥರ ಹರ್ಷ' ಡೆಸ್ಕಿನಲ್ಲಿ ಸೇರುತ್ತದೆ, ಯಾಕಂದರೆ ಹೆಡ್ಡಿಂಗ್ ಎರಡು ಸಾಲು ತುಂಬಬೇಕು. ಇದು ನೆಪ ಅಲ್ಲ, ನಡೆಯುವ ರೀತಿ.

ಹಾಗಾಗಿ ಪೇಪರಿನಿಂದ ಶುರು ಮಾಡಬೇಡಿ. ಆ 'ಶೇ 100' ಮೊದಲು ಯಾವ ಕಾಗದದ ಮೇಲೆ ಬಂತು, ಅದನ್ನು ಹಿಡಿಯಿರಿ. ಈ ಯೋಜನೆಯಲ್ಲಿ ಅಂಥ ಕಾಗದ ಇದ್ದೇ ಇರಬೇಕು. ಇಲಾಖೆ ತಾನೇ 'ಎಲ್ಲ ಮನೆಗೂ ನೀರು' ಅಂತ ವರದಿ ಮಾಡುವುದು ಒಂದು ಹಂತ. ಅದು ದೃಢೀಕರಣ ಆಗಬೇಕಾದರೆ ಗ್ರಾಮಸಭೆ ನಿರ್ಣಯ ಮಾಡಬೇಕು, ಆ ಸಭೆಯ ವಿಡಿಯೊ ಕೂಡ ಬೇಕು. ಯೋಜನೆಯ ವೆಬ್‌ಸೈಟಿನಲ್ಲಿ ನಿಮ್ಮ ಊರು ಹುಡುಕಿ. ಬರೀ ವರದಿಯಾಗಿದೆಯೋ, ದೃಢೀಕರಣವೂ ಆಗಿದೆಯೋ ನೋಡಿ. ಆಗಿದೆ ಅಂತಿದ್ದರೆ ನಿಮ್ಮ ಊರಿನವರೇ ಕೂತು ಕೈ ಎತ್ತಿರಬೇಕು, ಅಲ್ವಾ? ಇನ್ನೊಂದು ಮಾತು. ಯೋಜನೆ ಹೇಳುವುದು ನಲ್ಲಿ ಲೆಕ್ಕ ಅಲ್ಲ, ದಿನಕ್ಕೆ ತಲಾ 55 ಲೀಟರ್ ನೀರಿನ ಲೆಕ್ಕ. ನಲ್ಲಿ ಎಣಿಸಿ ಶೇ 100 ಅಂದರೆ ಅರ್ಧ ಸುಳ್ಳು.

ಮಾಹಿತಿ ಹಕ್ಕಿನಲ್ಲಿ ಪಂಚಾಯಿತಿಗೆ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮರೆತರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. ಆಯೋಗದಲ್ಲಿ ಸರದಿ ಉದ್ದ, ಅದನ್ನು ಮುಚ್ಚಿಡುವುದಿಲ್ಲ.

ಕಾಗದ ಕೈಗೆ ಬಂದ ಮೇಲೆ ಪತ್ರಿಕೆಯ ಸಂಪಾದಕರಿಗೆ ಬರೆಯಿರಿ, ಪ್ರತಿ ಲಗತ್ತಿಸಿ. ಅಲ್ಲಿ ಕೆಲಸ ಆಗದಿದ್ದರೆ ಪ್ರೆಸ್ ಕೌನ್ಸಿಲ್. ದಿನಪತ್ರಿಕೆ ಆದರೆ ಸುದ್ದಿ ಬಂದ ಎರಡು ತಿಂಗಳೊಳಗೆ ದೂರು ಹೋಗಬೇಕು, ಅದಕ್ಕೂ ಮುಂಚೆ ಸಂಪಾದಕರಿಗೆ ಬರೆದಿರಲೇಬೇಕು. ನಿಮಗೆ ಆಗಲೇ ಒಂದು ತಿಂಗಳು ಹೋಗಿದೆ. ಆದ್ದರಿಂದ ಸಂಪಾದಕರಿಗೆ ಈ ವಾರವೇ ಒಂದು ಸಣ್ಣ ಪತ್ರ ಹಾಕಿಬಿಡಿ, ಕಾಗದ ಬಂದಾಗ ಇನ್ನೊಂದು ಹಾಕಿದರಾಯಿತು. ಕೌನ್ಸಿಲ್ ದಂಡ ಹಾಕುವುದಿಲ್ಲ. ಎಚ್ಚರಿಕೆ ಕೊಡಬಹುದು, ಖಂಡಿಸಬಹುದು, ಅಷ್ಟೇ.

ಕಾಫಿಪುಡಿ:

ಖಂಡಿಸಿದರೆ ಯಾರಿಗೆ ನಷ್ಟ ಸರ್? ಟಿವಿಯವರಿಗಂತೂ ಅದೂ ಇಲ್ಲ.

ಹಳೇ ಡೆಸ್ಕ್:

ಇದೆ, ಸ್ವಲ್ಪ. 2020ರಲ್ಲಿ ಕೋವಿಡ್ ಹರಡಿದ್ದೇ ತಬ್ಲೀಗಿ ಜಮಾತ್‌ನ ಧಾರ್ಮಿಕ ಸಭೆಯಿಂದ ಅಂತ ಟಿವಿಗಳು ಹೇಗೆ ಕೂಗಿದವು ನೆನಪಿದೆಯಲ್ಲ? ಬೆಂಗಳೂರಿನ ಕೆಲವರು ಸೇರಿ ದೂರು ಕೊಟ್ಟರು. 2021ರ ಜೂನ್‌ನಲ್ಲಿ ಸುದ್ದಿ ವಾಹಿನಿಗಳದೇ ಪ್ರಾಧಿಕಾರ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50,000 ರೂಪಾಯಿ ದಂಡ ಹಾಕಿತು. ಒಂದು ಲಕ್ಷ ಚಾನೆಲ್‌ಗೆ ಏನೂ ಅಲ್ಲ. 2023ರಲ್ಲಿ ಸುಪ್ರೀಂ ಕೋರ್ಟೇ ಆ ಮೊತ್ತದ ಬಗ್ಗೆ ಬೇಸರ ತೋರಿಸಿತು. ಆದರೆ ತಪ್ಪು ಅಂತ ಬರಹದಲ್ಲಿ ಬಂತು, ಮುಂದಿನ ದೂರುದಾರರಿಗೆ ಅದು ಬೇಕಾಗುತ್ತದೆ. ಆ ಪ್ರಾಧಿಕಾರದಲ್ಲಿ ಗಡುವು ಬಿಗಿ. ಕಾರ್ಯಕ್ರಮ ಬಂದ 7 ದಿನದೊಳಗೆ ಮೊದಲು ಚಾನೆಲ್‌ಗೇ ಬರೆಯಬೇಕು. ಅದು ಸದಸ್ಯ ಚಾನೆಲ್ ಆಗಿದ್ದರೆ ಮಾತ್ರ. ಟೀಚರ್ ಹೇಳಿದ ಲೋಕಲ್ ಕೇಬಲ್‌ನವರು ಜಿಲ್ಲಾಧಿಕಾರಿ ವ್ಯಾಪ್ತಿಗೆ ಬರುತ್ತಾರೆ. ಸರ್ಕಾರದ ಸುಳ್ಳನ್ನು ಹೊಗಳಿದ ಚಾನೆಲ್ ಮೇಲೆ ಸರ್ಕಾರಕ್ಕೇ ದೂರು. ತಮಾಷೆ ನೋಡಿ.

ಸರ್ಕಾರದ ಲೆಕ್ಕ ಬದಲಾಗುವುದೇ ಇಲ್ಲ ಅನ್ನಬೇಡಿ. ಕೋವಿಡ್ ಸಮಯದಲ್ಲಿ, 2021ರ ಮೇ 2ರ ರಾತ್ರಿ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆದದ್ದು ನೆನಪಿರಬೇಕು. ಆಕ್ಸಿಜನ್ ಇಲ್ಲದೆ ಸತ್ತವರು ಮೂರೇ ಜನ ಅಂತ ಮಂತ್ರಿಗಳು ಹೇಳಿದರು. ಹೈಕೋರ್ಟ್ ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ ದಾಖಲೆ ತೆಗೆದು ನೋಡಿ 36 ಅಂತು. ಎರಡು ತಿಂಗಳಾದ ಮೇಲೆ, ಜುಲೈ 20ರಂದು, ಆಕ್ಸಿಜನ್ ಕೊರತೆಯಿಂದ ಸತ್ತವರ ಬಗ್ಗೆ ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅಂತ ಕೇಂದ್ರ ಸರ್ಕಾರ ರಾಜ್ಯಸಭೆಗೆ ಹೇಳಿತು. ಆ ಮಾತನ್ನು ಕೇಳಿ ಜನ ಸಿಟ್ಟಾಗಲು ಕೈಯಲ್ಲಿ 36 ಅನ್ನುವ ಲೆಕ್ಕ ಇತ್ತು. ಆ ವರದಿ ಇಲ್ಲದಿದ್ದರೆ ಮೂರೇ ಉಳಿಯುತ್ತಿತ್ತು.

ಬಯಲುಸೀಮೆ ಟೀಚರ್:

ಸರ್, ಭಯ ಒಂದೇ. ಪಿಡಿಒ ನಮ್ಮ ಸ್ಕೂಲಿಗೆ ವಾರಕ್ಕೊಮ್ಮೆ ಬರುತ್ತಾರೆ. ನನ್ನ ಹೆಸರಲ್ಲಿ ಅರ್ಜಿ ಹೋದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ನಾನು ಸರ್ಕಾರಿ ನೌಕರಳು ಬೇರೆ.

ಮಾಜಿ ಮೆಂಬರ್:

ನಾನು ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದೆ, ಬೇರೆ ಜಿಲ್ಲೆ. ಅರ್ಜಿ ನೀವೇ ಹಾಕಬೇಕಂತ ಇಲ್ಲ ಟೀಚರ್. ದೇಶದ ಯಾವ ನಾಗರಿಕರೂ ಹಾಕಬಹುದು, ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿರುವ ನಿಮ್ಮ ಊರಿನ ಹುಡುಗ ಯಾರಾದರೂ ಪೋಸ್ಟ್‌ನಲ್ಲಿ ಕಳಿಸಲಿ. ನಮ್ಮಲ್ಲಿ ನಿರ್ಣಯ ಪುಸ್ತಕದಲ್ಲಿ ಸಹಿ ಮೊದಲು ಬರುತ್ತಿತ್ತು, ಮೇಲಿನ ಬರಹ ಆಮೇಲೆ. ಮುಂದಿನ ಗ್ರಾಮಸಭೆಗೆ ಮೇಲಿನ ಬೀದಿಯ ಹೆಂಗಸರು ಖಾಲಿ ಬಿಂದಿಗೆ ತರಬೇಡಿ. ಅದರ ಫೋಟೊ ತೆಗೆದು ಎಲ್ಲರೂ ಮರೆಯುತ್ತಾರೆ. 'ನಮ್ಮ ಬೀದಿಗೆ ನೀರು ಬರುತ್ತಿಲ್ಲ' ಅಂತ ನಡಾವಳಿಯಲ್ಲಿ ಬರೆಯಿರಿ ಅಂತ ಪಟ್ಟು ಹಿಡಿಯಿರಿ, ಬರೆದಾದ ಮೇಲೆ ಓದಿಸಿ, ಆಮೇಲೆ ಸಹಿ ಹಾಕಿ.

ಬಯಲುಸೀಮೆ ಟೀಚರ್:

ನನ್ನ ತಮ್ಮ ಬೆಂಗಳೂರಲ್ಲೇ ಇದ್ದಾನೆ, ಹಾಕುತ್ತಾನೆ. ಹೀಗೆ ಬರೆದರೆ ಸಾಕಾ? 1. ಗ್ರಾಮಸಭೆ ನಿರ್ಣಯದ ಪ್ರತಿ. 2. ಆ ಸಭೆಯ ಹಾಜರಿ ಮತ್ತು ವಿಡಿಯೊ. 3. ನೀರು ಬರುವ ಮನೆಗಳ ಯಜಮಾನರ ಹೆಸರು. 4. ನೀರು ಬರದಿದ್ದರೂ ಬಂದಿದೆ ಅಂತ ಯಾಕೆ ಹೇಳಿದಿರಿ?

ಹಳೇ ಡೆಸ್ಕ್:

3ರಲ್ಲಿ ಹೆಸರು ಕೇಳಬೇಡಿ, ಬೀದಿವಾರು ಮನೆಗಳ ಸಂಖ್ಯೆ ಕೇಳಿ. ಹೆಸರು ಅಂದ ಕೂಡಲೇ ವೈಯಕ್ತಿಕ ಮಾಹಿತಿ ಅಂತ ತಿರಸ್ಕರಿಸುತ್ತಾರೆ, 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದ ಮೇಲೆ ಆ ನೆಪ ಇನ್ನೂ ಸುಲಭ. 4 ತೆಗೆದುಬಿಡಿ. 'ಯಾಕೆ' ಅನ್ನುವುದಕ್ಕೆ ಅವರು ಉತ್ತರ ಕೊಡಬೇಕಾಗಿಲ್ಲ, ಇರುವ ದಾಖಲೆ ಮಾತ್ರ ಕೊಡಬೇಕು. ಅದರ ಬದಲು ಕಾಮಗಾರಿಯ ಅಳತೆ ಪುಸ್ತಕ, ಅಂದರೆ ಎಷ್ಟು ಕೆಲಸ ಆಯಿತು ಅಂತ ಅಳೆದು ಬರೆದಿಡುವ ಪುಸ್ತಕ, ಮತ್ತು ಕೊನೇ ಬಿಲ್ಲಿನ ಪ್ರತಿ ಕೇಳಿ. ಅದು ಇಲಾಖೆಯಲ್ಲಿರುತ್ತದೆ, ಪಂಚಾಯಿತಿಯಲ್ಲಿ ಅಲ್ಲ. ಆದ್ದರಿಂದ ಗ್ರಾಮೀಣ ಕುಡಿಯುವ ನೀರಿನ ಇಲಾಖೆಗೆ ಇನ್ನೊಂದು ಅರ್ಜಿ, ಇನ್ನೊಂದು 10 ರೂಪಾಯಿ. ಟ್ಯಾಂಕಿಗೆ ನೀರು ಏರಿಸಿ ಪರೀಕ್ಷೆ ಮಾಡಿದ ತಾರೀಖು ಯಾವುದಾದರೂ ಅದರಲ್ಲಿದ್ದರೆ ಇಲ್ಲಿ ಹಾಕಿ, ನೋಡೋಣ.